ನಿನ್ನೆ ಸಂಜೆ ಹಾಕಿದ ಕಾಳು ಇವತ್ತೇ ಸಗಣಿಯಲ್ಲಿ! ಹಸುವಿನ ಹೊಟ್ಟೆಯಲ್ಲಿ ಏನೂ ನಿಲ್ಲೋದೇ ಇಲ್ವಾ?

ಮೂರುಹಸು
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಮೂರು ಹಸು ಇವೆ. ಎರಡು ಹಾಲು ಕೊಡುತ್ತಿವೆ, ಒಂದು ತುಂಬು ಗಬ್ಬ. ಹಿಂಡಿಯ ಜೊತೆ ಮೆಕ್ಕೆಜೋಳದ ನುಚ್ಚು ಹಾಕುತ್ತೇನೆ. ನಿನ್ನೆ ನುಚ್ಚು ಖಾಲಿಯಾಗಿತ್ತು. ಒಂದು ಹೊತ್ತು ತಾನೇ ಅಂತ ಇಡೀ ಕಾಳನ್ನೇ ನೆನೆಸಿ ಸಂಜೆ ಆರಕ್ಕೆ ಹಾಕಿದೆ. ಇವತ್ತು ಮಧ್ಯಾಹ್ನ ಸಗಣಿ ಬಾಚುವಾಗ ನೋಡಿದರೆ ಹಳದಿ ಕಾಳು, ಹಾಕಿದ ಹಾಗೇ ಇವೆ. ತೊಳೆದು ಬಿತ್ತಿದರೆ ಮೊಳೆಯುತ್ತವೇನೋ!

ಸಂಜೆ ಆರರಿಂದ ಮಧ್ಯಾಹ್ನ ಹನ್ನೆರಡು, 18 ಗಂಟೆ. ಅಂದರೆ ತಿಂದದ್ದು ಒಂದು ದಿನ ಕೂಡ ಒಳಗೆ ಇರುವುದಿಲ್ವಾ? ಹಾಗಾದರೆ ಹುಲ್ಲು ಜೀರ್ಣ ಆಗೋದು ಯಾವಾಗ? ಇದರ ಮೇಲೆ ಎರಡು ವಾರದಿಂದ ಹಾಲಿನ ಫ್ಯಾಟ್ ಬೇರೆ ಇಳಿದಿದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ, ಗೊತ್ತಿದ್ದವರು ಹೇಳಿ.

ಸಗಣಿಬುಟ್ಟಿ
ಸಗಣಿ ನೀರಾಗಿದೆಯಾ? ಇಲ್ಲ ಅಂದರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಹೊಟ್ಟೆ ಅಂದರೆ ಪೈಪ್ ಇದ್ದ ಹಾಗೆ. ಮೊದಲು ತಿಂದದ್ದು ಮೊದಲು ಹೊರಗೆ. ಒಂದು ದಿನದ ದಾರಿ, ಅಷ್ಟೇ. ಕಾಳು ಒಡೆದು ಹಾಕಿ, ಸರಿಹೋಗುತ್ತೆ.

ನಿವೃತ್ತ_ಪಶುವೈದ್ಯ
ಕಾಳು ಒಡೆದು ಹಾಕಬೇಕು ಅನ್ನುವುದು ಸರಿ. ಪೈಪ್ ಅನ್ನುವುದು ತಪ್ಪು. ನಲವತ್ತು ವರ್ಷ ಇದೇ ಮಾತು ಕೇಳಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹಸುವಿನ ಹೊಟ್ಟೆಯನ್ನು ಕೆರೆ ಅಂದುಕೊಳ್ಳಿ. ನಾಲ್ಕು ಹೊಟ್ಟೆ ಅಂತೀವಲ್ಲ, ನಿಜವಾಗಿ ಅದು ನಾಲ್ಕು ಕೋಣೆಯ ಒಂದೇ ಹೊಟ್ಟೆ. ಮೊದಲನೆಯದು ರೂಮೆನ್, ಅಂದರೆ ಮೆಲುಕು ಚೀಲ. ಎಡಗಡೆ ಪೂರ್ತಿ ಅದೇ. ದೊಡ್ಡ ಹಸುವಿನಲ್ಲಿ 100ರಿಂದ 200 ಲೀಟರ್ ಹಿಡಿಯುತ್ತದೆ. ಅದರ ಮುಂದೆ ಅಂಟಿಕೊಂಡಂತೆ ಚಿಕ್ಕದೊಂದು ಚೀಲ, ರೆಟಿಕ್ಯುಲಂ. ಒಳಗಡೆ ಜೇನುಹುಟ್ಟಿನ ಥರ ಕಾಣುತ್ತದೆ. ಇವೆರಡೂ ಸೇರಿ ಕೆರೆ. ಕೆರೆಯಿಂದ ಮುಂದಿನ ಕೋಣೆಗೆ ಹೋಗುವ ಒಂದು ತೂತು ರೆಟಿಕ್ಯುಲಂನಲ್ಲಿ ಇದೆ. ಅದೇ ತೂಬು.

ಕೆರೆಯೊಳಗೆ ಪದರ ಪದರ. ಮೇಲೆ ಗಾಳಿ. ಅದರ ಕೆಳಗೆ ಉದ್ದುದ್ದ ಹುಲ್ಲು ಹೆಣೆದುಕೊಂಡ ಚಾಪೆ. ಅದರ ಕೆಳಗೆ ಗಂಜಿಯಂಥ ನೀರು, ಅದರಲ್ಲಿ ಸಣ್ಣ ಸಣ್ಣ ಚೂರು. ಈಗ ಹೇಳಿ, ಕೆರೆಯ ಮೇಲೆ ತೇಲುವ ಕಸ ತೂಬಿನಲ್ಲಿ ಹೋಗುತ್ತಾ? ಹೋಗಲ್ಲ. ತಿಂದ ಹುಲ್ಲು ಮೊದಲು ತೇಲುತ್ತದೆ. ದಂಟಿನೊಳಗೆ ಗಾಳಿ ಇರುತ್ತದೆ. ಸೂಕ್ಷ್ಮಜೀವಿಗಳು ಹುಲ್ಲಿಗೆ ಅಂಟಿಕೊಂಡು ಹುಳಿ ಬರಿಸುವಾಗ ಗುಳ್ಳೆ ಏಳುತ್ತದೆ, ಆ ಗುಳ್ಳೆಯೂ ಅದನ್ನು ಮೇಲೆತ್ತಿ ಹಿಡಿಯುತ್ತದೆ. ಹಸು ಅದನ್ನು ಮೆಲುಕಿಗೆ ತಂದು ಅಗಿದು ಅಗಿದು ಚಿಕ್ಕದು ಮಾಡಬೇಕು. ಒಳಗಿನ ಗಾಳಿ ಹೋಗಬೇಕು, ನೀರು ಹೀರಬೇಕು, ತಿನ್ನಲು ಬರುವ ಭಾಗವನ್ನೆಲ್ಲ ಸೂಕ್ಷ್ಮಜೀವಿ ತಿಂದು ಮುಗಿಸಬೇಕು. ಆಮೇಲೆ ಅದು ಭಾರವಾಗಿ ಮುಳುಗುತ್ತದೆ. ಮುಳುಗಿದ್ದು ತೂಬಿನ ಹತ್ತಿರ ಬರುತ್ತದೆ.

ಅದಕ್ಕೇ ಯಾವುದು ಮೊದಲು ಬಾಯಿಗೆ ಹೋಯಿತು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಯಾವುದು ಚಿಕ್ಕದಾಯಿತು, ಯಾವುದು ಮುಳುಗಿತು ಅನ್ನುವುದೇ ಲೆಕ್ಕ. ಒಂದೇ ಹೊತ್ತಿಗೆ ತಿಂದ ಹುಲ್ಲು, ಹಿಂಡಿ, ಕುಡಿದ ನೀರು ಮೂರೂ ಬೇರೆ ಬೇರೆ ಹೊತ್ತಿಗೆ ಕೆರೆ ಬಿಡುತ್ತವೆ. ನೀರು ಸುಮಾರು ಅರ್ಧ ದಿನದಲ್ಲಿ. ಹಿಂಡಿ ಅದಕ್ಕಿಂತ ತಡ. ಹುಲ್ಲಿನ ನಾರು ಒಂದು ದಿನ, ಒಂದೂವರೆ ದಿನ. ಬಾಯಿಯಿಂದ ಸಗಣಿಯವರೆಗೆ ಹುಲ್ಲಿಗೆ ಎರಡರಿಂದ ಮೂರು ದಿನ ಬೇಕು, ಗಟ್ಟಿ ಒಣಹುಲ್ಲಿಗೆ ಇನ್ನೂ ಜಾಸ್ತಿ.

ಮೂರುಹಸು ಅವರೇ, ನಿಮ್ಮ ಕಾಳು ಬೇಗ ಮುಳುಗಿತು, ಬೇಗ ಬಂತು. ಅದನ್ನು ನೋಡಿ ಹುಲ್ಲೂ ಓಡಿಬಂತು ಅಂದುಕೊಳ್ಳಬೇಡಿ.

ಸಗಣಿಬುಟ್ಟಿ
ಕೆರೆ ಚೆನ್ನಾಗಿದೆ ಡಾಕ್ಟ್ರೇ, ಒಪ್ಪಿದೆ. ಆದರೆ ಕೆರೆ ನಿಂತ ನೀರು. ಇದು ಕಲಕುತ್ತಾ ಇರುತ್ತೆ ಅಲ್ವಾ?

ನಿವೃತ್ತ_ಪಶುವೈದ್ಯ
ಸರಿಯಾಗಿ ಹಿಡಿದಿರಿ. ಸುಮ್ಮನಿರುವ ಕೆರೆಯಲ್ಲ ಅದು. ನಿಮಿಷಕ್ಕೆ ಒಂದು, ಕೆಲವೊಮ್ಮೆ ಎರಡು ಸಲ ಹಿಂಡಿಕೊಳ್ಳುತ್ತದೆ. ಎಡ ಪಕ್ಕೆಯಲ್ಲಿ, ಕೊನೆಯ ಪಕ್ಕೆಲುಬಿನ ಹಿಂದೆ ಒಂದು ಗುಳಿ ಇದೆ. ಅಲ್ಲಿ ಮುಷ್ಟಿ ಒತ್ತಿ ನಿಂತುಕೊಳ್ಳಿ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಯಾರೋ ನಿಧಾನವಾಗಿ ಕೈಯನ್ನು ಹೊರಗೆ ತಳ್ಳಿದ ಹಾಗೆ ಆಗುತ್ತದೆ. ಎರಡು ನಿಮಿಷ ಕಾದರೂ ಏನೂ ಆಗದಿದ್ದರೆ ಹಸುವಿಗೆ ಹುಷಾರಿಲ್ಲ ಅಂತಲೇ ಲೆಕ್ಕ, ವೈದ್ಯರನ್ನು ಕರೆಯಿರಿ. ಆ ಹಿಂಡುವಿಕೆಯೇ ಹೊಸ ಹುಲ್ಲನ್ನು ಹಿಂದಕ್ಕೆ ಒಯ್ದು ಚಾಪೆಗೆ ಸೇರಿಸುವುದು, ತೇಗು ತರಿಸುವುದು, ಸಣ್ಣ ಚೂರನ್ನು ತೂಬಿನ ಬಾಯಿಗೆ ತಂದು ಬಿಡುವುದು.

ಲೆಕ್ಕದಪುಸ್ತಕ
ನನಗೆ ಈ "ಹುಲ್ಲಿನ ನಾರು ಒಂದೂವರೆ ದಿನ" ಅರ್ಥ ಆಗಲಿಲ್ಲ. ಒಂದೂವರೆ ದಿನ ಆದ ಕೂಡಲೇ ಎಲ್ಲ ಹುಲ್ಲೂ ಒಟ್ಟಿಗೆ ಎದ್ದು ಹೋಗುತ್ತಾ?

ನಿವೃತ್ತ_ಪಶುವೈದ್ಯ
ಇಲ್ಲ. ಗಂಟೆಗೆ ಇಷ್ಟು ಪಾಲು ಅಂತ ಲೆಕ್ಕ ಹಾಕುತ್ತಾರೆ. ಹುಲ್ಲಿನ ನಾರು ಗಂಟೆಗೆ ನೂರಕ್ಕೆ 3ರಿಂದ 5 ಪಾಲು ಹೊರಡುತ್ತದೆ. ನೀರು ನೂರಕ್ಕೆ 8ರಿಂದ 15.

ಲೆಕ್ಕದಪುಸ್ತಕ
ಓಹೋ. ಹಾಗಾದರೆ ಗಂಟೆಗೆ 4 ಅಂತ ಇಟ್ಟುಕೊಂಡು ಮಾಡಿ ನೋಡಿದೆ. 100 ಚೂರು ಇದ್ದರೆ ಒಂದು ದಿನ ಆದ ಮೇಲೆ ಸುಮಾರು 38 ಉಳಿದಿರುತ್ತವೆ. ಎರಡು ದಿನಕ್ಕೆ 14. ಮೂರು ದಿನಕ್ಕೆ 5. ಇವತ್ತಿನ ಸಗಣಿಯಲ್ಲಿ ನಿನ್ನೆಯದೂ ಇದೆ, ಮೊನ್ನೆಯದೂ ಇದೆ, ಆಚೆ ಮೊನ್ನೆಯದೂ ಸ್ವಲ್ಪ ಇದೆ. ಬ್ಯಾಂಕ್ ಬಡ್ಡಿ ಲೆಕ್ಕವೇ, ಉಲ್ಟಾ!

ನಿವೃತ್ತ_ಪಶುವೈದ್ಯ
ಲೆಕ್ಕ ಸರಿ. ಒಂದು ತಿದ್ದುಪಡಿ: ಹೊಸ ಹುಲ್ಲು ಚಾಪೆಯಲ್ಲಿ ಸಿಕ್ಕಿಕೊಂಡಿರುತ್ತದೆ, ಮೊದಲ ಗಂಟೆಯಿಂದಲೇ ಹೊರಡುವುದಿಲ್ಲ. ಶುರುವಿನಲ್ಲಿ ಬಡ್ಡಿ ಕಟ್ಟದ ಕೆಲವು ಗಂಟೆ ಸೇರಿಸಿಕೊಳ್ಳಿ.

ಮೂರುಹಸು
ಇದನ್ನೆಲ್ಲ ಅಳೆದವರು ಯಾರು ಸರ್? ಒಳಗೆ ಇಳಿದು ನೋಡಿದರಾ?

ನಿವೃತ್ತ_ಪಶುವೈದ್ಯ
ಹೆಚ್ಚು ಕಡಿಮೆ ಹಾಗೇ. ಹಸುವಿನ ಎಡ ಪಕ್ಕೆಗೆ ಮುಚ್ಚಳವಿರುವ ಕಿಂಡಿ ಇಟ್ಟು ಕೈ ಹಾಕಿ ನೋಡುವ ಪದ್ಧತಿ ಬಹಳ ಹಳೆಯದು. ಅಮೆರಿಕದ ನಾರ್ತ್ ಡಕೋಟಾದಲ್ಲಿ ಶಾಲ್ಕ್ ಮತ್ತು ಅಮಡಾನ್ 1928ರಲ್ಲೇ ಅಂಥ ಹಸುಗಳ ಹೊಟ್ಟೆ ಹೇಗೆ ಹಿಂಡುತ್ತದೆ ಅಂತ ಬರೆದಿಟ್ಟಿದ್ದಾರೆ. ಸಾಗುವ ಹೊತ್ತನ್ನು ಅಳೆಯಲು ಬ್ರಿಟನ್ನಿನ ಬಾಲ್ಚ್ ಅನ್ನುವವರು 1950ರಲ್ಲಿ ಒಂದು ಸರಳ ದಾರಿ ಹಿಡಿದರು. ಒಣಹುಲ್ಲಿಗೆ ಬಣ್ಣ ಹಾಕಿ ತಿನ್ನಿಸುವುದು, ಆಮೇಲೆ ದಿನಗಟ್ಟಲೆ ಸಗಣಿ ತೊಳೆದು ಬಣ್ಣದ ಚೂರು ಎಣಿಸುವುದು. ಈಗ ನಾರಿಗೆ ಕ್ರೋಮಿಯಂ ಅಂಟಿಸಿ, ನೀರಿಗೆ ಕೋಬಾಲ್ಟ್ ಬೆರೆಸಿ ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ಉಪಾಯ ಮಾತ್ರ ಅದೇ.

ಮೂರುಹಸು
ಸಗಣಿ ತೊಳೆದು ಎಣಿಸೋದಾ... ಇದು ನನ್ನ ಕೈಲೂ ಆಗುವ ಕೆಲಸ. ನೋಡೋಣ.

ಬಿಳಿಗೆಚ್ಚಲು
ಎಲ್ಲರೂ ಕಾಳಿನ ಹಿಂದೆ ಬಿದ್ದಿರಿ, ಫ್ಯಾಟ್ ಇಳಿದದ್ದನ್ನು ಯಾರೂ ಕೇಳಲಿಲ್ಲ. ಮೂರುಹಸು ಅಣ್ಣ, ನಿಮ್ಮ ಹಸು ಮಲಗಿದಾಗ ಮೆಲುಕು ಹಾಕುತ್ತವಾ? ಎರಡು ವಾರದ ಹಿಂದೆ ಮೇವಿನಲ್ಲಿ ಏನು ಬದಲಾಯಿಸಿದಿರಿ?

ಮೂರುಹಸು
ಮೇವು ಅದೇ ಅಕ್ಕ. ಏನೂ ಬದಲಾಯಿಸಿಲ್ಲ. ಹೊಸ ಮೇವು ಕತ್ತರಿಸುವ ಯಂತ್ರ ತಂದೆ, ಅಷ್ಟೇ. ಹಳೆಯದು ಉದ್ದುದ್ದ ಬಿಡುತ್ತಿತ್ತು, ಹಸುಗಳು ದಂಟು ಬಿಟ್ಟು ಎಲೆ ಮಾತ್ರ ತಿನ್ನುತ್ತಿದ್ದವು. ಈಗ ಗರಗಸದ ಹೊಟ್ಟಿನ ಹಾಗೆ ನುಣ್ಣಗೆ ಬರುತ್ತೆ. ಗೋದಲಿಯಲ್ಲಿ ಒಂದು ಕಡ್ಡಿ ಉಳಿಯಲ್ಲ.

ಬಿಳಿಗೆಚ್ಚಲು
ಅದೇ ನೋಡಿ! ಮೇವು ಅದೇ ಅಲ್ಲ ಈಗ. ನನಗೂ ಹೀಗೇ ಆಗಿತ್ತು. ಗೋದಲಿ ಖಾಲಿ ಆಗೋದು ನೋಡಿ ಖುಷಿಪಟ್ಟಿದ್ದೆ. ಒಂದು ತಿಂಗಳು ಗೊತ್ತೇ ಆಗಲಿಲ್ಲ. ಮಧ್ಯಾಹ್ನ ಹೋಗಿ ನೋಡಿದರೆ ಎಲ್ಲ ಮಲಗಿವೆ, ಒಂದೂ ದವಡೆ ಆಡಿಸುತ್ತಿಲ್ಲ. ಆಗ ಅನುಮಾನ ಬಂತು.

ನಿವೃತ್ತ_ಪಶುವೈದ್ಯ
ಅಕ್ಕ ಹೇಳಿದ್ದೇ ಮೂಲ. ಹೊಟ್ಟಿನಂಥ ಮೇವಿನಿಂದ ಚಾಪೆ ಕಟ್ಟುವುದಿಲ್ಲ. ಒರಟು ಹುಲ್ಲು ಒಳಗೋಡೆಗೆ ಉಜ್ಜಿದರೇ ಮೆಲುಕು ಬರುವುದು. ನುಣ್ಣಗೆ ಇದ್ದರೆ ಉಜ್ಜುವುದೇನು? ಮೆಲುಕು ಇಲ್ಲದಿದ್ದರೆ ಜೊಲ್ಲು ಇಲ್ಲ. ಹಸು ದಿನಕ್ಕೆ 100 ಲೀಟರಿಗೂ ಜಾಸ್ತಿ ಜೊಲ್ಲು ಸುರಿಸಿ ನುಂಗುತ್ತದೆ. ಅದರಲ್ಲಿ ಸೋಡಾ ಇದೆ, ಅಡುಗೆ ಸೋಡಾದಲ್ಲಿ ಇರುವುದೇ. ಕೆರೆಯ ಹುಳಿಯನ್ನು ತಗ್ಗಿಸುವುದು ಅದೇ. ಜೊಲ್ಲು ಕಡಿಮೆಯಾದರೆ ಹುಳಿ ಏರುತ್ತದೆ, ನಾರು ತಿನ್ನುವ ಬ್ಯಾಕ್ಟೀರಿಯಾ ಸೊರಗುತ್ತವೆ. ಇನ್ನೊಂದು ಕಡೆ ಸಣ್ಣ ಚೂರು ತಡೆಯಿಲ್ಲದೆ ಬೇಗ ಬೇಗ ತೂಬು ದಾಟುತ್ತದೆ. ಅರ್ಧ ಬೆಂದ ಅನ್ನ ಇಳಿಸಿದ ಹಾಗೆ.

ಫ್ಯಾಟ್ ಯಾಕೆ ಇಳಿಯುತ್ತದೆ ಅನ್ನುವುದಕ್ಕೆ ನಾವು ಓದುವಾಗ ಒಂದೇ ಉತ್ತರ: ನಾರಿನಿಂದ ಬರುವ ಅಸಿಟಿಕ್ ಆಮ್ಲ ಕಡಿಮೆಯಾಯಿತು, ಬೆಣ್ಣೆಗೆ ಕಚ್ಚಾ ಮಾಲು ಸಾಲದು. ಈಗ ಅದು ಪೂರ್ತಿ ಉತ್ತರ ಅಲ್ಲ ಅಂತ ಗೊತ್ತಾಗಿದೆ. ಹುಳಿ ಏರಿದಾಗ ಸೂಕ್ಷ್ಮಜೀವಿಗಳು ಮೇವಿನ ಎಣ್ಣೆಯಂಶವನ್ನು ಬೇರೆ ದಾರಿಯಲ್ಲಿ ಬದಲಾಯಿಸುತ್ತವೆ. ಆಗ ಹುಟ್ಟುವ ಒಂದು ಬಗೆಯ ಕೊಬ್ಬು ರಕ್ತದಲ್ಲಿ ಕೆಚ್ಚಲಿಗೆ ಹೋಗಿ, ಅಲ್ಲಿ ಬೆಣ್ಣೆ ತಯಾರಾಗುವುದನ್ನೇ ತಡೆಯುತ್ತದೆ. ದಿನಕ್ಕೆ ಕೆಲವೇ ಗ್ರಾಂ ಸಾಕು.

ಸಗಣಿಬುಟ್ಟಿ
ಹಾಗಂತ ಉದ್ದ ಹುಲ್ಲು ಹಾಕಿದರೆ ಆಯ್ದು ತಿಂದು ಅರ್ಧ ತುಳಿದು ಹಾಳು ಮಾಡುತ್ತವೆ. ಅದಕ್ಕೇನು ಮಾಡೋದು?

ನಿವೃತ್ತ_ಪಶುವೈದ್ಯ
ಅದೂ ನಿಜ. ಎರಡರಿಂದ ನಾಲ್ಕು ಸೆಂಟಿಮೀಟರ್ ಇರಲಿ, ಅಂದರೆ ಎರಡು ಬೆರಳಿನ ಅಗಲದ ಆಸುಪಾಸು. ಹಿಂಡಿಯನ್ನು ಬೇರೆ ಹಾಕದೆ ಅದಕ್ಕೇ ಸ್ವಲ್ಪ ನೀರು ಚಿಮುಕಿಸಿ ಕಲಸಿ. ಆಯ್ದು ತಿನ್ನುವುದು ಕಡಿಮೆಯಾಗುತ್ತದೆ. ಫ್ಯಾಟ್ ನಾಳೆಯೇ ಏರಲಿ ಅಂತ ಕಾಯಬೇಡಿ, ಎರಡು ಮೂರು ವಾರ ಬೇಕು.

ಹೊಸ_ಕರು
ನಡುವೆ ಬಂದೆ, ಕ್ಷಮಿಸಿ. ಹಾಲು ಕುಡಿಯುವ ಕರುವಿಗೂ ಹಾಲು ಮೊದಲು ಇದೇ ಕೆರೆಗೆ ಬೀಳುತ್ತಾ?

ನಿವೃತ್ತ_ಪಶುವೈದ್ಯ
ಇಲ್ಲ. ಕರು ಚೀಪುವಾಗ ಅನ್ನನಾಳದ ತುದಿಯಲ್ಲಿ ಒಂದು ತೋಡು ಮುಚ್ಚಿಕೊಂಡು ನಳಿಗೆಯಾಗುತ್ತದೆ. ಹಾಲು ಕೆರೆ ಬಿಟ್ಟು ನೇರ ನಾಲ್ಕನೇ ಕೋಣೆಗೆ ಹೋಗುತ್ತದೆ. ಬಲವಂತವಾಗಿ ಗಂಟಲಿಗೆ ಹೊಯ್ದರೆ ತೋಡು ಮುಚ್ಚದೆ ಹಾಲು ರೂಮೆನ್‌ಗೆ ಬಿದ್ದು ಹುಳಿಯಾಗಬಹುದು. ನಿಮ್ಮ ಕರುವಿಗೆ ತೊಂದರೆ ಇದ್ದರೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬರೆಯುತ್ತೇನೆ.

ಮೂರುಹಸು
ಹನ್ನೆರಡು ದಿನ ಆಯಿತು, ವರದಿ ಕೊಡುತ್ತೇನೆ. ನಗಬೇಡಿ.

ಮೊದಲು ಒಂದು ವಾರ ಕಾಳು ಪೂರ್ತಿ ನಿಲ್ಲಿಸಿದೆ. ಕತ್ತರಿಸುವ ಉದ್ದ ಜಾಸ್ತಿ ಮಾಡಿದೆ. ಆಮೇಲೆ ಒಂದು ಸಂಜೆ ಆರಕ್ಕೆ ಸರಿಯಾಗಿ 100 ಕಾಳು ಎಣಿಸಿ, ನೆನೆಸಿ, ಒಂದು ಹಿಡಿ ಹಿಂಡಿಯಲ್ಲಿ ಕಲಸಿ ಚುಕ್ಕೆ ಹಸುವಿಗೆ ಮಾತ್ರ ಹಾಕಿದೆ. ಅವಳನ್ನು ಬೇರೆ ಕಟ್ಟಿದೆ. ಅಲ್ಲಿಂದ ಶುರು, ಅವಳು ಹಾಕಿದ ಸಗಣಿಯೆಲ್ಲ ಬುಟ್ಟಿಗೆ, ಬುಟ್ಟಿಯಿಂದ ಜರಡಿಗೆ, ಜರಡಿಗೆ ನೀರು. ದಿನಕ್ಕೆ ಹತ್ತು ಹದಿನೈದು ಸಲ ಹಾಕುತ್ತಾಳೆ. ಮೊದಲ ರಾತ್ರಿ ನಿದ್ದೆಗೆಟ್ಟು ಕಾದೆ, ಒಂದು ಕಾಳೂ ಇಲ್ಲ. ಮನೆಯವರು ನನ್ನನ್ನು ನೋಡಿದ ರೀತಿ ಬರೆಯುವ ಹಾಗಿಲ್ಲ.

ಮಾರನೇ ದಿನ ಮಧ್ಯಾಹ್ನ ಒಂದು ಗಂಟೆಗೆ ಮೊದಲ ಎರಡು ಕಾಳು ಬಂದವು. ಆ ಸಂಜೆಯಿಂದ ಮುಂದಿನ ಸಂಜೆಯವರೆಗೆ 12. ಆಮೇಲಿನ ದಿನ 6. ನಾಲ್ಕನೇ ದಿನ ಒಂದೇ ಒಂದು. ಒಟ್ಟು 21. ಉಳಿದ 79 ಎಲ್ಲಿ?

ಕಾಳಿನ ಜೊತೆ ಜರಡಿಯಲ್ಲಿ ಉಳಿದದ್ದೂ ನೋಡುವ ಹಾಗಿತ್ತು. ಮೊದಮೊದಲು ಬೆರಳಿನಲ್ಲಿ ಎತ್ತಿಕೊಳ್ಳುವಷ್ಟು ಉದ್ದದ ನಾರು ಸುಮಾರು ಇತ್ತು. ಈಗೀಗ ಬರೀ ಸಣ್ಣ ಚೂರು. ಮೇವನ್ನು ಉದ್ದ ಮಾಡಿದ ಮೇಲೆ ಸಗಣಿಯಲ್ಲಿ ನಾರು ಚಿಕ್ಕದಾಗಿದೆ. ಇದು ಉಲ್ಟಾ ಅಲ್ವಾ?

ನಿವೃತ್ತ_ಪಶುವೈದ್ಯ
ಭಲೇ! ವಿದ್ಯಾರ್ಥಿಗಳ ಕೈಲಿ ಇಷ್ಟು ಶ್ರದ್ಧೆಯಿಂದ ಮಾಡಿಸಲು ನನಗೆ ಆಗಿರಲಿಲ್ಲ.

79 ಕಾಳು ಹಸುವಿನ ಹಲ್ಲಿಗೆ ಸಿಕ್ಕಿತು. ತಿನ್ನುವಾಗ ಕೆಲವು, ಮೆಲುಕಿನಲ್ಲಿ ಕೆಲವು. ಸಿಪ್ಪೆ ಒಡೆದರೆ ಸಾಕು, ಒಳಗಿನ ಹಿಟ್ಟು ಸೂಕ್ಷ್ಮಜೀವಿಗೆ ಹಬ್ಬ. ಒಡೆಯದ ಸಿಪ್ಪೆಯನ್ನು ಅವು ಏನೂ ಮಾಡಲಾರವು. ನಾರಿನದು ಉಲ್ಟಾ ಅಲ್ಲ. ಚಾಪೆ ಕಟ್ಟಿತು, ಮೆಲುಕು ಬಂತು. ಚಾಪೆ ಉದ್ದ ಕಡ್ಡಿಯನ್ನು ಹಿಡಿದಿಟ್ಟುಕೊಂಡು ಚೂರು ಆಗುವವರೆಗೆ ಬಿಡಲಿಲ್ಲ. ಮುಂಚೆ ಹಿಡಿಯುವವರೇ ಇರಲಿಲ್ಲ.

ಲೆಕ್ಕದಪುಸ್ತಕ
ಒಂದು ನಿಮಿಷ. ಡಾಕ್ಟ್ರೇ, ನಾನು ಬೇರೆ ಕಡೆ ಓದಿದೆ, ತೂಬು ದಾಟುವ ಚೂರುಗಳಲ್ಲಿ ಹೆಚ್ಚಿನವು ಎರಡು ಮೂರು ಮಿಲಿಮೀಟರಿಗಿಂತ ಸಣ್ಣವು ಅಂತ. ಮೆಕ್ಕೆಜೋಳದ ಕಾಳು ಎಂಟು ಹತ್ತು ಮಿಲಿಮೀಟರ್ ಇರುತ್ತದೆ. ಅದು ಹೇಗೆ ದಾಟಿತು?

ಸಗಣಿಬುಟ್ಟಿ
ಇದಕ್ಕೆ ಉತ್ತರ ಕೊಡಿ ನೋಡೋಣ 😀

ನಿವೃತ್ತ_ಪಶುವೈದ್ಯ
ಒಳ್ಳೆಯ ಪ್ರಶ್ನೆ. ತೂಬಿನ ಬಾಯಿಗೆ ಜರಡಿ ಕಟ್ಟಿಲ್ಲ. ಅದು ಅಷ್ಟು ಚಿಕ್ಕ ತೂತೂ ಅಲ್ಲ, ಬೆರಳು ಆರಾಮಾಗಿ ಹಿಡಿಸುತ್ತದೆ. ಜರಡಿಯ ಕೆಲಸ ಮಾಡುವುದು ಚಾಪೆ, ಆಮೇಲೆ ತೇಲುವುದು ಮುಳುಗುವುದು. ಹುಲ್ಲು ಸಾಮಾನ್ಯವಾಗಿ ಸಣ್ಣದಾದ ಮೇಲೇ ಮುಳುಗುತ್ತದೆ, ಅದಕ್ಕೇ ದಾಟಿದ ನಾರೆಲ್ಲ ಸಣ್ಣದಾಗಿ ಕಾಣುತ್ತದೆ. ನೆನೆದ ಕಾಳು ದಪ್ಪ ಇದ್ದರೂ ನೀರಿಗಿಂತ ಸ್ವಲ್ಪ ಭಾರ. ಮುಳುಗುತ್ತದೆ, ತೂಬಿನ ಹತ್ತಿರ ಬರುತ್ತದೆ, ಬಾಯಿ ತೆರೆದಾಗ ನೀರಿನ ಜೊತೆ ಜಾರುತ್ತದೆ. ಆಮೇಲಿನದು ಬೇಗ ಮುಗಿಯುವ ದಾರಿ. ಮೂರನೇ ಕೋಣೆ ಪುಸ್ತಕದ ಹಾಳೆಗಳ ಹಾಗೆ ಇದೆ, ಅಲ್ಲಿ ನೀರು ಹೀರಿಕೊಳ್ಳುತ್ತದೆ. ನಾಲ್ಕನೆಯದರಲ್ಲಿ ನಮ್ಮ ಹೊಟ್ಟೆಯ ಹಾಗೆ ಆಮ್ಲ. ಅಲ್ಲಿ ಸಾಯುವುದು ಕೆರೆಯಿಂದ ಕೊಚ್ಚಿಬಂದ ಸೂಕ್ಷ್ಮಜೀವಿಗಳು, ಹಸುವಿಗೆ ಬೇಕಾದ ಪ್ರೋಟೀನಿನ ಅರ್ಧಕ್ಕಿಂತ ಹೆಚ್ಚು ಅವುಗಳಿಂದಲೇ. ಮುಂದೆ ಸುಮಾರು 40 ಮೀಟರ್ ಸಣ್ಣ ಕರುಳು. ಅಷ್ಟು ಉದ್ದ ಇದ್ದರೂ ಕೆಲವೇ ಗಂಟೆಯ ದಾರಿ. ಸಗಣಿಬುಟ್ಟಿಯವರ ಪೈಪ್ ಇಲ್ಲಿಗೆ ಸರಿಹೊಂದುತ್ತದೆ.

ಸಗಣಿಬುಟ್ಟಿ
ಅಂತೂ ನನಗೂ 40 ಮೀಟರ್ ಬಿಟ್ಟುಕೊಟ್ಟಿರಿ. ಹಾಗಾದರೆ ಇನ್ನೂ ಭಾರದ್ದು ಇನ್ನೂ ಬೇಗ ಹೋಗಬೇಕಲ್ಲ? ಕಬ್ಬಿಣದ ಮೊಳೆ ಯಾಕೆ ಸಗಣಿಯಲ್ಲಿ ಬರಲ್ಲ?

ನಿವೃತ್ತ_ಪಶುವೈದ್ಯ
ಯಾಕೆಂದರೆ ತೂಬು ರೆಟಿಕ್ಯುಲಂನ ತಳದಲ್ಲಿಲ್ಲ, ತಳಕ್ಕಿಂತ ಮೇಲಿದೆ. ಸ್ವಲ್ಪ ಭಾರದ್ದನ್ನು ನೀರು ಎತ್ತಿ ದಾಟಿಸುತ್ತದೆ. ತುಂಬಾ ಭಾರದ್ದು ತಳದ ಜೇನುಗೂಡಿನಲ್ಲೇ ಕೂರುತ್ತದೆ. ಮೊಳೆ, ತಂತಿ ಅಲ್ಲಿ ಸಿಕ್ಕಿಕೊಂಡು, ಪ್ರತಿ ಹಿಂಡುವಿಕೆಗೂ ಸ್ವಲ್ಪ ಸ್ವಲ್ಪ ಚುಚ್ಚಿ, ಮುಂದೆ ಇರುವ ಹೃದಯದವರೆಗೂ ಹೋಗಬಹುದು. ಕೆಲವರು ಹಸುವಿಗೆ ಅಯಸ್ಕಾಂತ ನುಂಗಿಸುವುದು ಇದಕ್ಕೇ. ಅದೂ ಭಾರ, ಅದೂ ಅಲ್ಲೇ ಕೂರುತ್ತದೆ, ಮೊಳೆಯನ್ನು ಹಿಡಿದುಕೊಳ್ಳುತ್ತದೆ.

ಬಿಳಿಗೆಚ್ಚಲು
ಮೂರುಹಸು ಅಣ್ಣ, ಗಬ್ಬದ ಹಸುವಿನದು ಗಮನ ಇರಲಿ. ಹೊಟ್ಟೆಯಲ್ಲಿ ಕರು ಬೆಳೆದು ರೂಮೆನ್‌ಗೆ ಜಾಗ ಕಡಿಮೆ ಇರುತ್ತೆ. ಈ ದಿನಗಳಲ್ಲಿ ಒಂದೇ ಸಲ ಜಾಸ್ತಿ ಹಾಕಬೇಡಿ, ನಾಲ್ಕೈದು ಸಲ ಹಂಚಿ ಹಾಕಿ. ಕರು ಹಾಕಿದ ಮೇಲೆ ಹಿಂಡಿ ಏರಿಸುವುದೂ ನಿಧಾನವಾಗಿ, ಎರಡು ಮೂರು ವಾರದಲ್ಲಿ. ಒಳಗಿನ ಸೂಕ್ಷ್ಮಜೀವಿಗಳಿಗೂ ಹೊಂದಿಕೊಳ್ಳಲು ಹೊತ್ತು ಬೇಕು.

ಮೂರುಹಸು
ಆಗಲಿ ಅಕ್ಕ.

ಫ್ಯಾಟ್ ಇನ್ನೂ ಮೊದಲಿನಷ್ಟಾಗಿಲ್ಲ, ಆದರೆ ಏರುತ್ತಿದೆ. ನಿನ್ನೆ ರಾತ್ರಿ ಊಟ ಆದ ಮೇಲೆ ಕೊಟ್ಟಿಗೆಗೆ ಹೋಗಿ ಚುಕ್ಕೆಯ ಪಕ್ಕ ಕೂತೆ. ಮಲಗಿದ್ದಳು, ಕಣ್ಣು ಅರ್ಧ ಮುಚ್ಚಿತ್ತು. ಕುತ್ತಿಗೆಯ ಕೆಳಗಿನಿಂದ ಒಂದು ಉಂಡೆ ಮೇಲೆ ಓಡಿಬರುವುದು ಚರ್ಮದ ಹೊರಗೇ ಕಾಣುತ್ತೆ. ಬಾಯಿಗೆ ಬಂದ ಕೂಡಲೇ ದವಡೆ ಶುರು. ಎಣಿಸಿದೆ, 52 ಸಲ ಅಗಿದಳು. ನುಂಗಿದಳು. ಮೂರು ನಾಲ್ಕು ಸೆಕೆಂಡು ಸುಮ್ಮನಿದ್ದಳು. ಇನ್ನೊಂದು ಉಂಡೆ ಬಂತು, 58. ಅದಾದ ಮೇಲೆ 55. ಹೀಗೆ ದಿನಕ್ಕೆ ಎಷ್ಟು ಹೊತ್ತು ಡಾಕ್ಟ್ರೇ?

ನಿವೃತ್ತ_ಪಶುವೈದ್ಯ
ಏಳೆಂಟು ಗಂಟೆ ಹಾಕಬೇಕು, ಬಿಡಿಬಿಡಿಯಾಗಿ. ಮಲಗಿರುವ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುತ್ತಿದ್ದರೆ ಒಳ್ಳೆಯದು. ನಿಮ್ಮದು ಮೂರೇ, ಹಾಗಾಗಿ ಎರಡು.

ಮೂರುಹಸು
ಎರಡು ಹಾಕುತ್ತಿದ್ದವು ಸರ್. ಮೂರನೆಯದು ನನ್ನನ್ನೇ ನೋಡುತ್ತಿತ್ತು.

ಮತ್ತೆ ಒಂದು ತಿದ್ದುಪಡಿ. ಒಟ್ಟು 21 ಅಂದಿದ್ದೆ ಅಲ್ವಾ, ಅದು 22. ಎಲ್ಲ ಮುಗಿಯಿತು ಅಂತ ಜರಡಿ ತೊಳೆದು ನೇತುಹಾಕಿದ್ದೆ. ಐದನೇ ದಿನ ಬೆಳಿಗ್ಗೆ ಕೊಟ್ಟಿಗೆ ಬಾಚುವಾಗ ಇನ್ನೊಂದು ಕಾಳು ಸಿಕ್ಕಿತ್ತು, ಬರೆಯಲು ಮರೆತಿದ್ದೆ.